ಭರಮಮ್ಮನ ಹೊಸ್ತಿಲ ಇಲಿ

ಹೊಸಪೇಟೆಯಲ್ಲಿ ಆಗ ಪ್ಲೇಗಿನ ಭಯ ಎಷ್ಟೆಂದರೆ, ಮನುಷ್ಯ ಸತ್ತರೆ ಬೀದಿ ಅಳುತ್ತಿತ್ತು, ಇಲಿ ಸತ್ತರೆ ಬೀದಿಯೇ ಖಾಲಿಯಾಗುತ್ತಿತ್ತು. ಸಾಮಾನನ್ನು ಗಾಡಿಗೇರಿಸಿ ಎಲ್ಲರೂ ಊರಾಚೆಯ ಜೋಪಡಿಗಳಿಗೆ ಹೋಗುವುದು ವಾಡಿಕೆ. ಮಂಡಕ್ಕಿ ಹುರಿಯುವ ಭರಮಮ್ಮನಿಗೆ ಮಾತ್ರ ಅದು ಆಗದ ಕೆಲಸ. ಅವಳ ಭಟ್ಟಿ ನೆಲದಲ್ಲಿ ಹೂತದ್ದು. ಗಂಡ ತೀರಿಕೊಂಡ ಮೇಲೆ ಅವಳ ಸಂಸಾರವೆಂದರೆ ಅದೇ. ಕಂಪ್ಲಿಯ ಭತ್ತದ ಚೀಲಗಳ ಹಿಂದೆಯೇ ಬಂದ ಇಲಿಗಳು ಬಾಡಿಗೆಯಿಲ್ಲದೆ ಮನೆಯಲ್ಲಿ ಉಳಿದಿದ್ದವು. ಅವುಗಳ ಸಲುವಾಗಿ ಒಂದು ಬೆಕ್ಕು.

೧೯೩೯ರ ಬೇಸಿಗೆಯಲ್ಲಿ ಅವಳಿಗೆ ಜ್ವರ ಹಿಡಿಯಿತು. ತಲೆಸಿಡಿತ, ಹೊಟ್ಟೆಯ ಮೇಲೆ ಕೆಂಪು ಗಂಧೆ. ಹೊಸ್ತಿಲಲ್ಲಿ ದಿನವೂ ಒಂದು ಸತ್ತ ಇಲಿ. ಎದುರುಮನೆಯ ಬೆಲ್ಲದ ವ್ಯಾಪಾರಿ ಅಂದಾನಪ್ಪ ಬೀದಿಯ ಪರವಾಗಿ ದೂರದಲ್ಲೇ ನಿಂತ.

“ಭರಮಕ್ಕ, ಜೋಪಡಿಗೆ ನಡಿ. ಮನಿಯೊಳಗ ಬಿಸಿಲು ಬೀಳಂಗ ಹೆಂಚು ತೆಗಸ್ತೀವಿ, ಭಟ್ಟಿ ಮುಚ್ಚಸ್ತೀವಿ.”

“ಇಲಿ ತಾನಾಗಿ ಸತ್ತು ಬಿದ್ದಿಲ್ಲಲೇ. ಬೆಕ್ಕು ತಂದಿಟ್ಟೈತಿ.”

“ಜ್ವರದಾಗ ಹಿಂಗ ಬಡಬಡಿಸ್ತಾರ.”

ಅವಳ ಜ್ವರ ಏರಿತ್ತು, ದನಿ ಇಳಿದಿರಲಿಲ್ಲ. “ಭಟ್ಟಿ ಮುಟ್ಟಿ ನೋಡು. ಮಂಡಕ್ಕಿ ಇಲ್ಲದ ಬರೇ ಬೆಲ್ಲ ನೆಕ್ಕೊಂತ ಕುಂದ್ರಬೇಕಾಗತೈತಿ.”

ಸರಕಾರಿ ಡಾಕ್ಟರು ಬಂದು ಕಂಕುಳು, ತೊಡೆಸಂದು ನೋಡಿದರು. ಪ್ಲೇಗಿನ ಗಡ್ಡೆಯಿರಲಿಲ್ಲ. ಆಮೇಲೆ ಇಕ್ಕಳದಲ್ಲಿ ಇಲಿಯನ್ನು ಎತ್ತಿ, ಬಿಸಿಲಿಗೆ ಹಿಡಿದು, ರೋಗಿಗಿಂತ ಹೆಚ್ಚು ಹೊತ್ತು ಅದರ ಕತ್ತನ್ನು ಪರೀಕ್ಷಿಸಿದರು.

“ಬೆಕ್ಕಿನ ಹಲ್ಲಿನ ಗಾಯಾನೇ. ಇದು ಪ್ಲೇಗ್ ಅಲ್ಲ ಅನ್ನಿಸ್ತೈತಿ. ಇಲಿ ಚಿಗಟದಿಂದ ಬರೋ ಟೈಫಸ್ ಇರಬೇಕು. ಅದು ಇಲೀನ ಕೊಲ್ಲಂಗಿಲ್ಲ. ರಕ್ತ ಮದರಾಸಿಗೆ ಕಳಸ್ತೀನಿ, ಉತ್ತರ ಬರೋಮಟ ಭಟ್ಟಿ ಮುಟ್ಟಬ್ಯಾಡ್ರಿ.”

“ಇಲಿಗೆ ಏನೂ ಆಗದ ಜ್ವರ ನನಗ್ಯಾಕ ಬಂತ್ರಿ?” ಎಂದಳು ಭರಮಮ್ಮ.

“ಸತ್ತ ಇಲಿ ತಣ್ಣಗಾದ್ರ ಚಿಗಟ ಬ್ಯಾರೆ ಮೈ ಹುಡುಕ್ತಾವಮ್ಮ. ಆ ಚಿಗಟದ ಹಿಕ್ಕಿ ನೀವು ಕೆರಕೊಂಡ ಗಾಯದಾಗ ಸೇರಿರ್ತೈತಿ.”

“ಅದು ಕಡೀಬೌದು, ನಾನು ಕೆರಕೊಬಾರ್ದು. ಚಲೋ ನ್ಯಾಯ.”

ಡಾಕ್ಟರು ನಕ್ಕರು. ಬೆಕ್ಕು ತಂದ ಇಲಿಯ ಮೇಲೆ ಮೊದಲು, ಚಿಗಟ ಸಾಯುವಂತೆ, ಕುದಿವ ನೀರು ಸುರಿದು, ಆಮೇಲೆ ಎತ್ತಿ ಸುಡಲು ಹೇಳಿ ಹೋದರು.

ಅರ್ಧ ಬೀದಿ ಅವರ ಮಾತನ್ನು ನಂಬದೆ ಜೋಪಡಿ ಸೇರಿತು. ಮದರಾಸಿನ ಉತ್ತರ ಡಾಕ್ಟರ ಮಾತನ್ನೇ ಹೇಳುವ ಹೊತ್ತಿಗೆ ಭರಮಮ್ಮನ ಜ್ವರ ಇಳಿದಿತ್ತು. ಹೆಂಚು ಹೆಂಚಿನ ಜಾಗದಲ್ಲೇ ಇತ್ತು. ಅವಳು ಗೋಡೆ ಹಿಡಿದುಕೊಂಡೇ ಬಂದು ಭಟ್ಟಿ ಹೊತ್ತಿಸಿದಳು. ಅಷ್ಟರಲ್ಲಿ ಬೆಕ್ಕು ಇನ್ನೊಂದು ಇಲಿ ತಂದಿಟ್ಟಿತು. ನೀರು ಯಾರು ಕುದಿಸಬೇಕು? ಮಂಡಕ್ಕಿ ಹುರಿಯಲು ಬಾಣಲೆಯಲ್ಲಿ ಕಾಯುತ್ತಿದ್ದ ಉಸುಕನ್ನೇ ಒಂದು ಸೌಟು ಅದರ ಮೇಲೆ ಸುರಿದಳು.

ಜೋಪಡಿಯಿಂದ ಮರಳಿದ ಅಂದಾನಪ್ಪ ಮಂಡಕ್ಕಿಗೆಂದು ಬಂದವನು ಅದನ್ನು ನೋಡಿ ಬಾಗಿಲಲ್ಲೇ ನಿಂತ.

“ಅಕ್ಕ, ಆ ಉಸುಕು ಬ್ಯಾರೆ, ಮಂಡಕ್ಕಿ ಉಸುಕು ಬ್ಯಾರೆ, ಹೌದಿಲ್ಲೋ?”

“ತಿಂದು ಹೇಳು,” ಎಂದಳು ಭರಮಮ್ಮ.