ಹರಗೋಲಿನ ತಳಕ್ಕೊಂದು ಗುಂಡಿ

ನಾನು ಸೀಟು ಹೊಲಿಯುವವನು. ಟ್ರ್ಯಾಕ್ಟರ್ ಸೀಟು, ಜೀಪಿನ ಹುಡ್, ಮೋಟಾರ್ ಸೈಕಲ್ ಸೀಟು, ಟಾಕೀಸಿನ ಬಾಲ್ಕನಿ ಕುರ್ಚಿ, ಹೀಗೆ ರೆಕ್ಸಿನ್ನಿನಲ್ಲಿ ಏನೇನು ಹೊಲಿಯಬಹುದೋ ಅದನ್ನೆಲ್ಲ ಹೊಲಿದಿದ್ದೇನೆ. ಆದರೆ ಜೀವಮಾನದಲ್ಲಿ ಒಂದೇ ಒಂದು ಸಲ ಹೊಳೆ ದಾಟಿಸುವ ಹರಗೋಲಿಗೆ ಅಂಗಿ ಹೊಲಿದೆ. ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅದರ ಬೆನ್ನಿಗೇ ನಾಚಿಕೆಯೂ ಬರುತ್ತದೆ.

ಕೆಲಸ ಕಲಿತದ್ದು ಸಿಂಧನೂರಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಕಾಲುವೆ ನೀರು ಬಂದಲ್ಲಿ ಭತ್ತ, ಭತ್ತ ಬಂದಲ್ಲಿ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಬಂದಲ್ಲಿ ನಮ್ಮ ಉಸ್ತಾದರು. ಜವಳಗೇರಾ ಕಡೆಯಿಂದ ಬರುತ್ತಿದ್ದ ಟ್ರ್ಯಾಕ್ಟರುಗಳ ಸೀಟು ಕೆಸರಿಗೂ ಬಿಸಿಲಿಗೂ ಆರೇ ತಿಂಗಳಲ್ಲಿ ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು. ಉಸ್ತಾದರು ಕಲಿಸಿದ ಮೊದಲ ಪಾಠ ಇದು: "ಸೀಟು ಮೊದ್ಲು ಕಣ್ಣಿಗೆ ಕುಂದ್ರಬೇಕಲೇ, ಆಮ್ಯಾಲ ಕುಂಡಿಗೆ." ಹೊಲಿಗೆ ಸಣ್ಣದಿರಬೇಕು, ಅಂಚಿಗೆ ಉಬ್ಬುಪಟ್ಟಿಯ ಪೈಪಿಂಗ್ ಕೊಡಬೇಕು, ನಟ್ಟನಡುವೆ ರೆಕ್ಸಿನ್ ಹೊದಿಸಿದ ಒಂದು ಗುಂಡಿ ಜಗ್ಗಿ ಕಟ್ಟಬೇಕು. ಕೊನೆಗೆ ಜೇನುಮೇಣವನ್ನು ಸೀಮೆಎಣ್ಣೆಯಲ್ಲಿ ಕರಗಿಸಿ ಬಟ್ಟೆಯಿಂದ ತಿಕ್ಕಬೇಕು. ಮುಖ ಕಾಣುವಷ್ಟು ಮಿಂಚಿದ ಮೇಲೆಯೇ ಸೀಟು ಅಂಗಡಿ ಬಿಟ್ಟು ಹೊರಡಬೇಕು. ಈ ಪಾಠವನ್ನು ನಾನು ವೇದದ ಹಾಗೆ ಬಾಯಿಪಾಠ ಮಾಡಿದ್ದೆ.

ಆಮೇಲೆ ಲಿಂಗಸುಗೂರಿಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೇ ಕುಷನ್ ಅಂಗಡಿ ಹಾಕಿದೆ. ಅದಾದ ವರ್ಷಕ್ಕೆ ಮದುವೆಯಾಯಿತು. ಹುಡುಗಿ ಮಸ್ಕಿಯಲ್ಲಿದ್ದ ಸೋದರಮಾವನ ಮಗಳು. ಚಿಕ್ಕಂದಿನಿಂದ ಜಗಳಾಡಿ ಬೆಳೆದವಳಾದ್ದರಿಂದ ನನ್ನನ್ನು ನೀ ಎಂದೇ ಕರೆಯುತ್ತಿದ್ದಳು. ಮಧ್ಯಾಹ್ನ ಬುತ್ತಿ ತಂದು, ಸಂಜೆಯವರೆಗೆ ಅಂಗಡಿಯಲ್ಲಿ ಕೂತು ಗುಂಡಿಗಳಿಗೆ ರೆಕ್ಸಿನ್ ಹೊದಿಸುತ್ತಿದ್ದಳು. ನಾನು ಜಂಬ ಕೊಚ್ಚಿದಾಗಲೆಲ್ಲ ಗುಂಡಿಯಿಂದ ಕಣ್ಣೆತ್ತದೆ "ಹೂಂ, ಹೂಂ" ಅನ್ನುತ್ತಿದ್ದಳು. ಆ ಹೂಂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರಹುಣ್ಣಿಮೆ ಮುಗಿದು ವಾರವಾಗಿತ್ತು. ಅಂಗಡಿಗೆ ಒಬ್ಬ ಹಿರಿಯರು ಬಂದರು. ಕೃಷ್ಣಾ ದಂಡೆಯ ಊರಿನ ಅಂಬಿಗರು. ಹೊಳೆಯ ನಡುಗಡ್ಡೆಯ ಮೇಲಿದ್ದ ಮೂವತ್ತು ಮನೆಗಳಿಗೆ ಅವರ ಹರಗೋಲೇ ರಸ್ತೆ, ಅದೇ ಬಸ್ಸು. ಬಾಗಿಲಲ್ಲಿ ಆಗಷ್ಟೇ ಹೊಲಿದ ಜೀಪಿನ ಹುಡ್ ಹರವಿದ್ದೆ. ಅವರು ಬಂದವರೇ ನನ್ನ ಕುಡಿಯುವ ನೀರಿನ ತಂಬಿಗೆ ಎತ್ತಿ ಅದರ ಮೇಲೆ ಸುರಿದುಬಿಟ್ಟರು. ನಾನು "ಏ, ಏ" ಅನ್ನುವಷ್ಟರಲ್ಲಿ ನೀರೆಲ್ಲ ಜಾರಿ ನೆಲಕ್ಕೆ ಬಿತ್ತು. ಅವರು ಹುಡ್ಡಿನ ಒಳಮೈಗೆ ಕೈ ಹಾಕಿ ಮುಟ್ಟಿ ನೋಡಿದರು. ಒಣಗಿತ್ತು.

"ತಮ್ಮಾ, ಇದನ್ನ ನನ್ನ ಹರಗೋಲಿಗೆ ಹೊದಿಸ್ತೀಯೇನು?" ಎಂದರು. "ಎಮ್ಮಿ ತೊಗಲು ಹಾಕಿದ್ದೆ, ಕೊಳತು ಹೋಗೇತಿ. ಮ್ಯಾಲಿನ ಡ್ಯಾಂನಾಗ ನೀರು ಬಿಡೂದ್ರಾಗ ಹರಗೋಲು ತಯಾರಾಗಬೇಕು. ಇಲ್ಲಾಂದ್ರ ನಡುಗಡ್ಡಿ ಮಂದಿ ಅಲ್ಲೇ ಉಳೀತಾರ."

ನನಗೆ ಎಷ್ಟು ಹಿಗ್ಗಾಯಿತೆಂದರೆ ಕೂತಲ್ಲಿ ಕೂಡಲಾಗಲಿಲ್ಲ. ಸಿಂಧನೂರಿನ ಉಸ್ತಾದರೂ ಹೊಲಿಯದ ವಸ್ತು! ಹಿಂದೆ ಮುಂದೆ ನೋಡದೆ ಅಂದುಬಿಟ್ಟೆ: "ಒಂದು ಹನಿ ನೀರು ಒಳಗ ಬರಂಗಿಲ್ಲ ಕಾಕಾ, ನನ್ನ ಮಾತು ಬರಕೋರಿ."

ಅವರು ಹೋದ ಮೇಲೆ ಹೆಂಡತಿ ಕೇಳಿದಳು: "ನೀರಿನ ಕೆಲಸ ನಿನಗೇನು ಗೊತ್ತೈತಿ? ಮಸ್ಕಿ ಹಳ್ಳದಾಗ ಕಾಲು ತೊಳಕೊಂಡಿದ್ದು ಬಿಟ್ರ?"

"ನೋಡ್ತಿರು," ಎಂದೆ.

"ಹೂಂ," ಎಂದಳು.

ಮರುದಿನವೇ ಹೊಳೆಗೆ ಹೋಗಿ ಅಳತೆ ತೆಗೆದುಕೊಂಡು ಬಂದೆ. ಬಿದಿರಿನಿಂದ ಹೆಣೆದ ದೊಡ್ಡ ಬುಟ್ಟಿ, ಹತ್ತು ಜನ ಕೂಡುವಷ್ಟು ಅಗಲ. ರೆಕ್ಸಿನ್ ಅಷ್ಟು ಅಗಲ ಬರುವುದಿಲ್ಲ. ಮೋಸಂಬಿ ತೊಳೆಯ ಆಕಾರದಲ್ಲಿ ತುಂಡು ಕತ್ತರಿಸಿ ಜೋಡಿಸಬೇಕಾಯಿತು. ಒಂದು ಕೆಂಪು, ಒಂದು ಕಪ್ಪು, ಒಂದು ಕೆಂಪು, ಒಂದು ಕಪ್ಪು. ಹೊಸ ನೈಲಾನ್ ದಾರ ಹಾಕಿ ಇಂಚಿಗೆ ಎಂಟು ಹೊಲಿಗೆಯಂತೆ ಎರಡೆರಡು ಸಾಲು ಹೊಡೆದೆ. ನಡುವೆ ಬಿಳಿ ಪೈಪಿಂಗ್ ಕೊಟ್ಟೆ. ಎಂಟು ದಿನ ಊಟ ನಿದ್ದೆ ನೆನಪಾಗಲಿಲ್ಲ. ಬಸ್ಸಿಗೆ ಕಾಯುವವರೆಲ್ಲ ಅಂಗಡಿ ಮುಂದೆ ನಿಂತು ನೋಡುತ್ತಿದ್ದರು. "ಸರ್ಕಸ್ಸಿನ ಡೇರೆ ಏನ್ರಿ?" ಎಂದು ಒಬ್ಬ ಕೇಳಿದಾಗಂತೂ ಖುಷಿಯಿಂದ ಉಬ್ಬಿಹೋದೆ. ತುಂಡುಗಳೆಲ್ಲ ಬಂದು ಕೂಡುವ ನಟ್ಟನಡುವೆ, ಎಂದರೆ ಹರಗೋಲಿನ ತಳದಲ್ಲಿ, ಅಂಗೈಯಗಲದ ಒಂದು ಕೆಂಪು ಗುಂಡಿ ಕಟ್ಟಿದೆ. ಗುಂಡಿ ಇಲ್ಲದೆ ಕೆಲಸ ಮುಗಿದಂತೆ ನನಗೆ ಅನ್ನಿಸುವುದೇ ಇಲ್ಲ. ಕೊನೆಗೆ ಮೂರು ಸಲ ಮೇಣ ತಿಕ್ಕಿದೆ. ಅದು ಎಷ್ಟು ಮಿಂಚಿತೆಂದರೆ, ಮೇಲೆ ಕೂತ ನೊಣ ಜಾರುತ್ತಿತ್ತು.

ಬಸ್ಸಿನ ಟಾಪಿನ ಮೇಲೆ ಹೊದಿಕೆಯ ಗಂಟು ಹಾಕಿಸಿ ಇಬ್ಬರೂ ಹೊರಟೆವು. ತಾನೂ ಹೊಳೆ ನೋಡಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ದಂಡೆಯಲ್ಲಿ ಬೋರಲು ಹಾಕಿದ್ದ ಬುಟ್ಟಿಗೆ ಹೊದಿಕೆ ಏರಿಸಿ, ಅಂಚು ಜಗ್ಗಿ ಕಟ್ಟಿದೆವು. ಊರಿನವರೆಲ್ಲ ಸೇರಿದ್ದರು. ಕೆಂಪು ಕಪ್ಪಿನ ಹರಗೋಲು ಬಿಸಿಲಿಗೆ ಥಳಥಳಿಸುತ್ತಿತ್ತು. ಅಷ್ಟು ಚಂದದ ಕೆಲಸ ಹಿಂದೆಂದೂ ನನ್ನ ಕೈಯಿಂದ ಆಗಿರಲಿಲ್ಲ.

ಡಬ್ಬಿಯಲ್ಲಿ ಡಾಂಬರು ಕಾಯಿಸುತ್ತಿದ್ದ ಅಂಬಿಗರು ಒಂದು ಕುಂಚ ಅದ್ದಿ ತಳಕ್ಕೆ ಬಳಿದರು. ತುಸು ಆರಿದ ಮೇಲೆ ಉಗುರಿನಿಂದ ಎಬ್ಬಿದರು. ಹೆಂಚಿನಿಂದ ದೋಸೆ ಎದ್ದ ಹಾಗೆ ಡಾಂಬರು ಇಡಿಯಾಗಿ ಎದ್ದು ಬಂತು.

"ಮೇಣ ತಿಕ್ಕೀಯೇನು ತಮ್ಮಾ?"

"ಮೂರು ಸಲ ತಿಕ್ಕೀನಿ ಕಾಕಾ! ಇದಕ್ಕ ಡಾಂಬರು ಬೇಕಾಗಂಗೇ ಇಲ್ಲ."

ಅವರು ಹರಗೋಲಿನ ಸುತ್ತ ಒಂದು ಸುತ್ತು ಹಾಕಿದರು. ಗುಂಡಿಯ ಹತ್ತಿರ ನಿಂತರು. ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ತಣ್ಣಗೆ ಹೇಳಿದರು: "ಆತು. ನಮ್ಮಲ್ಲಿ ಒಂದು ಪದ್ಧತಿ ಐತಿ. ಹರಗೋಲು ಹೊದಿಸಿದಾಂವನ ಹೇಣ್ತಿ ಮೊದ್ಲು ಕುಂತು ಹೊಳಿ ದಾಟಬೇಕು. ಹೊದಿಸಿದಾಂವ ದಂಡಿ ಮ್ಯಾಲ ನಿಂತು ನೋಡಬೇಕು. ಬಾ ತಂಗಿ."

ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿ ಮುಂದೆ ನಡೆದೇಬಿಟ್ಟಳು.

"ನಿಂದ್ರು!"

ಆ ಕೂಗು ನನ್ನದೇ ಎಂದು ತಿಳಿಯಲು ನನಗೇ ಒಂದು ಗಳಿಗೆ ಹಿಡಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು. "ಒಂದು ಸಲ... ನೀರು ಹಾಕಿ ನೋಡೂಣು ಕಾಕಾ," ಎಂದೆ. ಎಂಟು ದಿನದಲ್ಲಿ ಒಂದು ಸಲವೂ ಹೊಲಿಗೆಯ ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಿರಲಿಲ್ಲ ನಾನು. ಬಣ್ಣ ನೋಡಿದ್ದೆ, ಮಿಂಚು ನೋಡಿದ್ದೆ.

ಅಂಬಿಗರು ಹಲ್ಲು ಕಾಣುವಂತೆ ನಕ್ಕರು. "ಅದಕ್ಕ ಈ ಪದ್ಧತಿ ಮಾಡ್ಯಾರ ಹಿರೇರು."

ಹರಗೋಲನ್ನು ಅಂಗಾತ ಮಾಡಿ ನಾಲ್ಕು ಕಲ್ಲುಗಳ ಮೇಲೆ ಇಟ್ಟು, ಒಳಗೆ ಕೊಡಗಟ್ಟಲೆ ನೀರು ಸುರಿದರು. ನಾನು ಕೆಳಗೆ ಬಗ್ಗಿ ನೋಡಿದೆ. ಒಂದೊಂದು ಹೊಲಿಗೆಯ ತೂತಿನಿಂದಲೂ ಒಂದೊಂದು ಹನಿ. ಇಂಚಿಗೆ ಎಂಟು. ಎರಡೆರಡು ಸಾಲು. ಗುಂಡಿಯ ಬುಡದಿಂದಂತೂ ನಲ್ಲಿ ಬಿಟ್ಟಂತೆ ನೀರು ಧಾರೆಯಾಗಿ ಇಳಿಯುತ್ತಿತ್ತು. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

"ಸೀಟಿನ ಹೊಲಿಗಿ ಒಳಗ ಅಡಗಿರತೈತಿ ತಮ್ಮಾ," ಎಂದರು ಅಂಬಿಗರು. "ಹೊಳಿಗೆ ಒಳಗೇನು, ಹೊರಗೇನು? ಅದು ತೂತು ನೋಡತೈತಿ, ಬಣ್ಣ ನೋಡಂಗಿಲ್ಲ."

ಓಡಿಹೋಗಬೇಕೆನ್ನಿಸಿದ್ದು ನಿಜ. ಆದರೆ ಹೆಂಡತಿ ಆಗಲೇ ನೆಲದ ಮೇಲೆ ಕೂತು ಬ್ಲೇಡು ಹಿಡಿದು ನನ್ನ ಹೊಲಿಗೆ ಬಿಚ್ಚತೊಡಗಿದ್ದಳು. ಹೂಂ ಅನ್ನಲಿಲ್ಲ. ನಾನೂ ಕೂತೆ. ಆಮೇಲಿನ ಮೂರು ದಿನ ಅಂಬಿಗರ ಮನೆಯಲ್ಲೇ ಉಳಿದೆವು. ಅವರ ಮನೆಯಾಕೆ, ನಮ್ಮ ಪಾಲಿಗೆ ಕಾಕಿ, ರೊಟ್ಟಿ ಬಡಿದರು; ಅಂಬಿಗರು ನನಗೆ ಹೊಸದಾಗಿ ಹೊಲಿಗೆ ಕಲಿಸಿದರು. ಮಷಿನ್ ಇಲ್ಲ, ಬರೀ ದಬ್ಬಣ. ನೈಲಾನ್ ಕಿತ್ತೆಸೆದು ಹತ್ತಿಯ ದಪ್ಪ ನೂಲು ತಂದರು. "ನೂಲು ನೀರು ಕುಡಿದು ಉಬ್ಬತೈತಿ, ತೂತು ತಾನಾ ಮುಚ್ಚತೈತಿ. ನಿನ್ನ ನೈಲಾನ್ ಏನೂ ಕುಡಿಯಂಗಿಲ್ಲ, ಭಾಳ ಮಡಿವಂತ." ಆ ನೂಲನ್ನು ನನ್ನ ಮೇಣದುಂಡೆಯ ಮೇಲೆ ಎಳೆದೆಳೆದು ಹದ ಮಾಡಿದೆ. ಇಂಚಿಗೆ ಎರಡೇ ಹೊಲಿಗೆ. ತುಂಡುಗಳನ್ನು ಒಂದರ ಮೇಲೊಂದು ನಾಲ್ಕು ಬೆರಳು ಏರಿಸಿ ಹೊಲಿದು, ಮೇಣವನ್ನೂ ರಾಳವನ್ನೂ ಕೂಡಿಸಿ ಕುದಿಸಿ, ಹೊಲಿಗೆಯ ಉದ್ದಕ್ಕೂ ಬಿಸಿಬಿಸಿಯಾಗಿ ಒತ್ತಿ ತುಂಬಿದೆವು. ಪೈಪಿಂಗ್ ಹೋಯಿತು. ಗುಂಡಿ ಹೋಯಿತು. ಅದರ ಜಾಗಕ್ಕೆ ಹಿಟ್ಟು ನಾದುವ ಪರಾತದಷ್ಟು ದೊಡ್ಡ ತೇಪೆ ಬಂತು.

ಎಲ್ಲಕ್ಕಿಂತ ನೋವಾಗಿದ್ದು ರೆಕ್ಸಿನ್ ತಿರುವಿ ಹಾಕಿದಾಗ. ಬಟ್ಟೆಯ ಒರಟು ಮೈ ಹೊರಗೆ, ಮಿಂಚುವ ಮೈ ಒಳಗೆ! ಡಾಂಬರು ಹಿಡಿಯುವುದು ಬಟ್ಟೆಗೆ, ಮಿಂಚಿಗಲ್ಲ. ಒಂದು ಕೈ ಡಾಂಬರು ಬಳಿದು, ಆರಿಸಿ, ಇನ್ನೊಂದು ಕೈ ಬಳಿದೆವು. ಕೆಂಪೂ ಇಲ್ಲ, ಕಪ್ಪೂ ಇಲ್ಲ, ಹೊರಗೆಲ್ಲ ಎಮ್ಮೆಯ ಬೆನ್ನು. ಆದರೆ ಅಂಬಿಗರು ಒಳಗೆ ಕೈಯಾಡಿಸಿ, "ಇಲ್ಲಿ ತಿಕ್ಕು ನಿನ್ನ ಮೇಣ," ಎಂದರು. "ಆಡು ಕುರಿ ಹತ್ತತಾವು, ಕೆಸರುಗಾಲು ಬರತಾವು, ಮೀನು ಒಗೀತಾರ. ಒಂದು ತಂಬಿಗಿ ನೀರು ಹಾಕಿದ್ರ ಜಾರಿ ಹೋಗಬೇಕು." ಮೇಣಕ್ಕೂ ಒಂದು ಜಾಗ ಸಿಕ್ಕಿತಲ್ಲ ಎಂದು ನನಗೆ ಮತ್ತೆ ಹುರುಪು ಬಂತು. ಹೆಂಡತಿಯೂ ನಾನೂ ಎದುರುಬದುರು ಕೂತು ತಿಕ್ಕಿದೆವು. ಕೆಂಪು, ಕಪ್ಪು, ಕೆಂಪು, ಕಪ್ಪು, ಹರಗೋಲಿನ ಹೊಟ್ಟೆಯೊಳಗೆ ಎಲ್ಲ ಬಣ್ಣವೂ ಮತ್ತೆ ಮಿಂಚಿತು.

ನಾಲ್ಕನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಹೊಳೆಯ ಬಣ್ಣ ಬದಲಾಗಿತ್ತು. ಕೆಂಪು ನೀರು, ಮೇಲೆ ನೊರೆ. "ಮ್ಯಾಲೆ ಬಿಟ್ಟಾರ," ಎಂದರು ಅಂಬಿಗರು. ನಡುಗಡ್ಡೆಯ ದಂಡೆಯಲ್ಲಿ ಮಂದಿ ನಿಂತು ಕೈ ಬೀಸುತ್ತಿದ್ದರು. ಹರಗೋಲಿಗೆ ಮತ್ತೆ ನೀರು ತುಂಬಿ ಪರೀಕ್ಷೆ ಮಾಡಿದೆವು. ಒಂದು ಹನಿಯೂ ಸೋರಲಿಲ್ಲ. ಆದರೆ ಕಲ್ಲಿನ ಮೇಲೆ ಕೂತ ಹರಗೋಲು ಬೇರೆ, ತುಂಬಿದ ಹೊಳೆಯ ಮೇಲಿನದು ಬೇರೆ. ಅದು ನನಗೂ ಗೊತ್ತಿತ್ತು.

"ಬಾ ತಂಗಿ," ಎಂದರು.

ಈ ಸಲ ನಾನು ನಿಲ್ಲು ಅನ್ನಲಿಲ್ಲ. ಅನ್ನಬೇಕೆಂದು ಗಂಟಲವರೆಗೆ ಬಂದಿತ್ತು. ಆಕೆ ಹತ್ತಿ ನಟ್ಟನಡುವೆ, ತೇಪೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಆಕೆಗೆ ಈಜು ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಅಂಬಿಗರು ಹುಟ್ಟು ಹಾಕಿದರು. ಹರಗೋಲು ಒಂದು ಸುತ್ತು ತಿರುಗಿ ಸೆಳವಿಗೆ ಸಿಕ್ಕು ಹೊರಟೇಹೋಯಿತು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗಿದೆ: "ತಳ ನೋಡಲೇ! ತೇವ ಐತೇನು? ತಳ!" ಆಕೆ ಏನೋ ಕೂಗಿದಳು, ಕೇಳಿಸಲಿಲ್ಲ. ಹರಗೋಲು ತಿರುಗಿದಾಗೊಮ್ಮೆ ಆಕೆಯ ಮುಖ ಕಾಣುತ್ತಿತ್ತು, ತಿರುಗಿದಾಗೊಮ್ಮೆ ಬೆನ್ನು. ಅಷ್ಟು ದೇವರುಗಳ ಹೆಸರು ನನಗೆ ಗೊತ್ತಿದೆ ಎಂದು ಅವತ್ತೇ ತಿಳಿದದ್ದು. ನಡುಹೊಳೆಯಲ್ಲಿ ಆಕೆ ಬಗ್ಗಿದಳು. ನೀರು ಬಂತು, ಮೊಗೆದು ಚೆಲ್ಲುತ್ತಿದ್ದಾಳೆ ಎಂದುಕೊಂಡೆ. ಆಕೆ ಎದ್ದು ಎರಡೂ ಅಂಗೈ ಬಿಡಿಸಿ ತೋರಿಸಿದಳು. ಖಾಲಿ. ಒಣಗಿದ ಅಂಗೈ ತೋರಿಸುತ್ತಿದ್ದಾಳೆ ಎಂದು ತಿಳಿದದ್ದೇ ತಡ, ನೀರಿನಲ್ಲೇ ಕುಣಿದೆ.

ಹೋಗುವಾಗ ಒಬ್ಬಳೇ ಹೋದವಳು, ಬರುವಾಗ ಎಂಟು ಜನ, ಎರಡು ಆಡು, ಒಂದು ಹಾಲಿನ ಕ್ಯಾನಿನ ಜೊತೆ ಬಂದಳು. ಹರಗೋಲು ದಂಡೆ ಮುಟ್ಟಿದಾಗ ನಾನು ಮೊದಲು ಅದರ ತಳ ನೋಡಿದೆ, ಆಮೇಲೆ ಆಕೆಯ ಮುಖ ನೋಡಿದೆ. ತಳ ಒಣಗಿತ್ತು. ಮುಖ ಅರಳಿತ್ತು. ಆದರೆ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ಕೊರಳಲ್ಲಿ ಬೋರಮಾಳ ಇರಲಿಲ್ಲ, ಕರಿಮಣಿ ಒಂದೇ ಇತ್ತು.

"ಬಂಗಾರ ಎಲ್ಲಿ? ಹೊಳ್ಯಾಗ ಬಿತ್ತೇನು?" ಎಂದು ಚೀರಿದೆ.

"ಬಿದ್ದಿಲ್ಲ. ಹತ್ತೂಕಿಂತ ಮೊದ್ಲು ಬಿಚ್ಚಿ ಕಾಕಿ ಕೈಯಾಗ ಕೊಟ್ಟೀನಿ. ನಾ ತಿರುಗಿ ಬರಲಿಲ್ಲಂದ್ರ ಮಸ್ಕಿಗೆ ಮುಟ್ಟಸ್ರಿ ಅಂತ ಹೇಳಿದ್ದೆ."

ಅಷ್ಟೊತ್ತಿನ ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಸುತ್ತಲೂ ಮಂದಿ ಇದ್ದದ್ದೂ ಮರೆತು ಕೇಳಿದೆ: "ಅಂದ್ರ ನನ್ನ ಮ್ಯಾಲ ನಿನಗ ನಂಬಿಕಿ ಇರಲಿಲ್ಲೇನು?"

"ಇತ್ತು. ಅದಕ್ಕ ನಾ ಹತ್ತೀನಿ," ಎಂದು ಸೀರೆಯ ಅಂಚು ಇಳಿಬಿಡುತ್ತ ಹೇಳಿದಳು. "ಬಂಗಾರ ನಮ್ಮವ್ವಂದು. ನಿನ್ನ ನಂಬಾಕ ಅದೇನು ನಿನ್ನ ಕಟ್ಟಿಕೊಂಡೈತೇನು?"