ಹಲಸಿನ ಘಮದ ಕಾಫಿ

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ದಲ್ಲಾಳಿ ಮಲ್ಲಿಕಾರ್ಜುನಯ್ಯನವರ ಮೂಗಿಗೆ ಇದ್ದ ಮರ್ಯಾದೆ ಸ್ವತಃ ಮಲ್ಲಿಕಾರ್ಜುನಯ್ಯನವರಿಗೂ ಇರಲಿಲ್ಲ. ರೈತನಿಗೂ ವ್ಯಾಪಾರಿಗೂ ಮಾಲಿನ ತಕರಾರು ಬಂದರೆ ಅವರನ್ನೇ ಕರೆಯುತ್ತಿದ್ದರು. ಅವರು ಉಂಡೆ ಕೊಬ್ಬರಿ ಒಡೆದು, ಒಮ್ಮೆ ಮೂಸಿ, ಚೆನ್ನಾಗಿದೆ ಅಥವಾ ಕಮಟು ಹಿಡಿದಿದೆ ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಆ ಮೂಗಿನ ಕಸುಬನ್ನೂ ಕೊಂಡೊಯ್ದಿತು. ಅವರು ಯಾರಿಗೂ ಬಾಯಿ ಬಿಡಲಿಲ್ಲ, ಹೆಂಡತಿ ವಿಮಲಮ್ಮನಿಗೂ. ಕೊಬ್ಬರಿಯ ಬಣ್ಣ ನೋಡುವುದು, ಪಕ್ಕದವರಿಗೊಂದು ಚೂರು ಕೊಟ್ಟು ಮುಖ ಸಿಂಡರಿಸುತ್ತಾರಾ ಎಂದು ಗಮನಿಸುವುದು, ಆಮೇಲೆ ಗಂಭೀರವಾಗಿ ಮೂಸಿದಂತೆ ಮಾಡುವುದು. ನಾಟಕ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಯಾರದೋ ಒಳ್ಳೆಯ ಮಾಲನ್ನು ಕೆಟ್ಟದೆಂದುಬಿಟ್ಟೆನೇನೋ ಎಂಬ ಅಳುಕು ಮಾತ್ರ ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿತ್ತು.

ಮಗಳು ಭಾನುಪ್ರಿಯಾ ಚಿಕ್ಕಮಗಳೂರಿನಲ್ಲಿ ಕಾಫಿಯ ರುಚಿ ನೋಡುವ ಕೆಲಸದಲ್ಲಿದ್ದಾಳೆ. ಮೂಸುವ ಹುಚ್ಚು ಅಪ್ಪನಿಂದಲೇ ಬಂದದ್ದು. ಯುಗಾದಿಗೆ ಬಂದವಳು ಹೊಸ ಪುಡಿ ತಂದಿದ್ದಳು. ಹಣ್ಣಿನ ಸಮೇತ ಒಣಗಿಸಿದ ಬೀಜವಂತೆ, ಅದಕ್ಕೇ ಹಣ್ಣಿನ ಘಮವಂತೆ. ಹಾಲು, ಸಕ್ಕರೆ ಹಾಕದೆ ಮೂರು ಲೋಟ ಮಾಡಿ ತಂದಳು. ವಿಮಲಮ್ಮ ಮೂಸಿ, ಹಲಸಿನ ತೊಳೆ ಬಿಡಿಸಿಟ್ಟ ಹಾಗಿದೆಯಲ್ಲ ಎಂದು ಬೆರಗಾದರು. ಮಲ್ಲಿಕಾರ್ಜುನಯ್ಯನವರು ವಾಡಿಕೆಯಂತೆ ಹೆಂಡತಿಯ ಮುಖ ನೋಡಿಕೊಂಡು, ತಮ್ಮ ಲೋಟ ಮೂಸಿ, ಹೌದು, ಹಲಸೇ ಎಂದರು.

ಭಾನುಪ್ರಿಯಾ ತನ್ನ ಲೋಟ ಕೆಳಗಿಟ್ಟಳು. ಅಪ್ಪನ ಲೋಟದಲ್ಲಿದ್ದದ್ದು ಮನೆಯ ಮಾಮೂಲಿ ಚಿಕೋರಿ ಕಾಫಿ. ಅವಳ ಕೆಲಸದಲ್ಲಿ ಪರೀಕ್ಷೆಗೆಂದು ಹೀಗೊಂದು ಬೇರೆ ಲೋಟ ಇಡುವುದುಂಟು; ಅಪ್ಪ ಥಟ್ಟನೆ ಹಿಡಿದು ನಗಲಿ ಎಂದು ಇಟ್ಟಿದ್ದಳು.

"ಯಾವಾಗಿಂದ ಅಪ್ಪಾಜಿ?"

ಅವರು ಎಲ್ಲ ಹೇಳಿದರು. ಹೇಳುವಾಗ ನಾಚಿಕೆಯಾಯಿತು, ಹೇಳಿಯಾದ ಮೇಲೆ ಎದೆ ಹಗುರವಾಯಿತು. ನನಗಾದರೂ ಹೇಳಬಾರದಿತ್ತೇ ಎಂದು ವಿಮಲಮ್ಮ ಕಣ್ಣೊರೆಸಿಕೊಂಡರು. ನೆಗಡಿಯಾದ ದಿನ ನಾವು ಲೋಟ ಮುಟ್ಟದೆ ಪಕ್ಕಕ್ಕೆ ಕೂರುತ್ತೇವೆ, ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ ಎಂದಳು ಮಗಳು. ಅವಳಿಗೇನು, ಅವಳು ಮಂಡಿಯಲ್ಲಿ ಕೂರಬೇಕಾಗಿಲ್ಲ ಎಂದುಕೊಂಡರು ಅವರು.

ಹಬ್ಬ ಕಳೆದು ಮಂಡಿ ತೆರೆದ ದಿನವೇ ಹೊನ್ನವಳ್ಳಿಯ ರೈತ ಶಿವಮೂರ್ತಿಯ ಮಾಲಿಗೆ ತಕರಾರು ಬಂತು. ವ್ಯಾಪಾರಿ ಕಮಟು ಅಂದ, ಶಿವಮೂರ್ತಿ ಇಲ್ಲ ಅಂದ. ಸುತ್ತ ಹತ್ತು ಜನ ಸೇರಿದರು. ಮಲ್ಲಿಕಾರ್ಜುನಯ್ಯನವರು ಕೊಬ್ಬರಿ ಒಡೆದರು, ಆದರೆ ಮೂಗಿನ ಹತ್ತಿರ ಒಯ್ಯಲಿಲ್ಲ. ಹೋಳನ್ನು ಶಿವಮೂರ್ತಿಯ ಕೈಗಿಟ್ಟರು.

"ನನ್ ಮೂಗು ಹೋಗಿ ಎರಡು ವರ್ಷ ಆಯ್ತು ಕಣಪ್ಪ. ನೀನೇ ಮೂಸಿ ಹೇಳು. ನೀನು ಹೇಳಿದ್ದೇ ನನ್ ಮಾತು."

ಶಿವಮೂರ್ತಿ ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ.

"ಕಮಟು ಐತೆ ಯಜಮಾನ್ರೇ," ಎಂದು ತನ್ನ ಚೀಲದ ಬಾಯಿ ತಾನೇ ಕಟ್ಟಿದ.