ಪುಟಕ್ಕೊಂದು ಹಿಂಬದಿ

ನಮ್ಮ ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಗಳನ್ನು ದಾಟಿ ಹೋದರೆ ಮೂಲೆಯಲ್ಲಿ ಕಳೆದುಹೋದ ಸಾಮಾನುಗಳ ಕೋಣೆಯೊಂದಿತ್ತು. ಜನ ಬಸ್ಸಿನಲ್ಲಿ ಮರೆತ ಚೀಲ, ಕನ್ನಡಕ, ಊರುಗೋಲು, ಒಂಟಿ ಚಪ್ಪಲಿ ಎಲ್ಲವೂ ಅಲ್ಲಿಗೇ ಬಂದು ಸೇರುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವನಿಗೆ ಕೊಡೆ ಅಣ್ಣ ಎಂದೇ ಹೆಸರು. ವಯಸ್ಸಿನಲ್ಲಿ ನನಗಿಂತ ಚಿಕ್ಕವನಾದರೂ ಎಲ್ಲರ ಬಾಯಲ್ಲೂ ಅಣ್ಣನೇ. ಮಳೆ ಬಿಟ್ಟು ಬಿಸಿಲು ಬಂದ ದಿನ, ವಾರಸುದಾರರಿಲ್ಲದ ಕೊಡೆಗಳನ್ನೆಲ್ಲ ಕೋಣೆಯ ಮುಂದೆ ಬಿಚ್ಚಿ ಒಣಗಿಸುತ್ತಿದ್ದ. ಮಳೆ ಬಂದರೆ ತಾನು ಮಾತ್ರ ತೊಪ್ಪೆಯಾಗಿ ಮನೆಗೆ ಹೋಗುತ್ತಿದ್ದ.

“ಇಷ್ಟೊಂದು ಬಿದ್ದಿದಾವಲ್ಲ, ಒಂದು ಹಿಡ್ಕೊಂಡು ಹೋಗಬಾರದಾ?” ಎಂದು ನಾನು ಕೇಳಿದರೆ, “ಯಾರೋ ಅವರ ತಲೆಗೆ ಅಂತ ತಂದಿದ್ದು ಅಕ್ಕ, ನನ್ನ ತಲೆಗೆ ಯಾಕೆ?” ಎನ್ನುತ್ತಿದ್ದ. ಈಗ ಅವನಿಲ್ಲ. ಒದ್ದೆ ಕೊಡೆಯ ವಾಸನೆ ಎಲ್ಲಿ ಬಂದರೂ ನನಗೆ ಆ ಕೋಣೆಯೇ ಕಣ್ಣಿಗೆ ಕಟ್ಟುತ್ತದೆ.

ನಾನು ಆ ನಿಲ್ದಾಣದಲ್ಲಿ ಕಸ ಗುಡಿಸುತ್ತಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರಲು ಅವನ ಕೋಣೆಯೇ ತಂಪು. ಅಲ್ಲಿ ಪ್ರತಿ ಸಾಮಾನಿಗೂ ದಾರದಲ್ಲಿ ಒಂದು ರಟ್ಟಿನ ಚೀಟಿ ನೇತಾಡುತ್ತಿತ್ತು. ಮುಂಬದಿಯಲ್ಲಿ ಅದು ಏನು, ಯಾವ ಬಸ್ಸಿನದು ಎಂದು ಬರೆದಿರುತ್ತಿತ್ತು. ಹಿಂಬದಿಯಲ್ಲಿ ಯಾರಿಗೂ ಹೇಳದ ಒಂದು ಗುರುತು. ಆ ಬದಿ ಯಾವಾಗಲೂ ಗೋಡೆಗೆ ಮುಖ ಮಾಡಿರಬೇಕು. ಕೇಳಿಕೊಂಡು ಬಂದವರು ಆ ಗುರುತನ್ನು ತಾವಾಗಿ ಹೇಳಿದರೆ ಕೊಡೆ ಅಣ್ಣನ ಮುಖ ಅರಳುತ್ತಿತ್ತು. ಹೇಳದಿದ್ದರೆ ಜಪ್ಪಯ್ಯ ಎಂದರೂ ಸಾಮಾನು ಕೆಳಗಿಳಿಯುತ್ತಿರಲಿಲ್ಲ. ಒಬ್ಬರ ವಸ್ತು ಇನ್ನೊಬ್ಬರ ಕೈಗೆ ಎಂದೂ ಕೊಟ್ಟವನಲ್ಲ. ಬದುಕಿನಲ್ಲಿ ಅವನು ಬೀಗುತ್ತಿದ್ದುದು ಅದೊಂದಕ್ಕೇ.

ಅವನ ಮಗಳು ಅದೇ ನಿಲ್ದಾಣದ ಮೇಲಿನ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಳು. ಜನ ಸುಮ್ಮನೆ ಅಲೆಯುವುದು ತಪ್ಪಲಿ, ಪ್ರತಿ ಸಾಮಾನಿಗೂ ಇಂಟರ್ನೆಟ್ಟಿನಲ್ಲಿ ಒಂದು ಪುಟ ಇರಲಿ ಎಂದು ಹೊರಟಳು. ಒಂದು ದಿನ ಊಟದ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂತು ವಿವರಿಸಿದಳು.

“ಒಂದೊಂದಕ್ಕೂ ಪುಟ ಬರೀತಾ ಕೂರಲ್ಲ, ಅಪ್ಪ. ಪುಟ ಕಟ್ಟೋಕೆ ಫ್ರೇಮ್‌ವರ್ಕ್ ಅಂತ ಇದೆ, ಅದರಲ್ಲಿ ಒಂದೇ ಒಂದು ಅಚ್ಚು ಮಾಡಿಟ್ಟಿದೀನಿ. ನೀನು ಡೇಟಾಬೇಸಿನ ಖಾನೆ ತುಂಬಿದ್ರೆ ಸಾಕು. ಯಾರಾದ್ರೂ ಕೇಳಿದ ತಕ್ಷಣ ಆ ದಾಖಲೆ ಅಚ್ಚಿಗೆ ಬಿದ್ದು ಪುಟ ಆಗತ್ತೆ.”

“ಯಾರೂ ಕೇಳದೇ ಇದ್ದಾಗ ಪುಟ ಎಲ್ಲಿರತ್ತೆ?”

“ಎಲ್ಲೂ ಇರಲ್ಲ.”

“ಅಯ್ಯೋ ಪಾಪ,” ಎಂದ ಕೊಡೆ ಅಣ್ಣ.

ಒಂದೇ ಬೆರಳಿನಲ್ಲಿ ಕುಟ್ಟಲು ಶುರುಮಾಡಿದ. “ಕೋಳಿ ಕಾಳು ಹೆಕ್ಕಿದ ಹಾಗಿದೆ ನೋಡಿ, ದೊಡ್ಡಮ್ಮ,” ಎಂದು ಮಗಳು ನನ್ನ ಮುಂದೆ ನಕ್ಕಳು. ಖಾನೆಗಳು ಹೀಗಿದ್ದವು: ವಸ್ತು, ಬಣ್ಣ, ಬಸ್ಸು, ಸ್ಥಿತಿ, ಗುರುತು. ಅವನು ಕೊನೆಯದನ್ನೂ ಬಿಡದೆ ತುಂಬಿದ. ಚೀಟಿಗೆ ಹಿಂಬದಿ ಇರುವಂತೆ ಪುಟಕ್ಕೂ ಇದ್ದೇ ಇರುತ್ತದೆ ಎಂದುಕೊಂಡಿದ್ದ.

ಅದೇ ವಾರ ಬಟ್ಟೆ ಚೀಲದಲ್ಲಿ ಒಂದು ಭಾರದ ಕತ್ತರಿ ಬಂತು. ಚೀಟಿ ಕಟ್ಟುವ ದಾರವನ್ನು ಅದರಲ್ಲೇ ಕತ್ತರಿಸಲು ನೋಡಿದ. ದಾರ ಅಲಗುಗಳ ನಡುವೆ ಮಡಿಚಿಕೊಂಡಿತೇ ಹೊರತು ತುಂಡಾಗಲಿಲ್ಲ. ಸ್ಥಿತಿ ಎಂಬಲ್ಲಿ ‘ಮೊಂಡು’ ಎಂದು ಕುಟ್ಟಿದ. ಗುರುತು ಎಂಬಲ್ಲಿ ‘ಹಿಡಿಗೆ ಕೆಂಪು ದಾರ ಸುತ್ತಿದೆ’ ಎಂದು.

ಮರುದಿನವೇ, ನಾನು ಬುತ್ತಿ ಬಿಚ್ಚಿ ಕೂತಿದ್ದಾಗ, ಟೊಪ್ಪಿ ಹಾಕಿದವನೊಬ್ಬ ಬಂದು ಕತ್ತರಿ ಕೇಳಿದ. “ಗುರುತು?” ಎಂದರೆ, “ಹಿಡಿಗೆ ಕೆಂಪು ದಾರ,” ಎಂದ. ಕೊಡೆ ಅಣ್ಣನ ಮುಖ ಅರಳಿತು. ಕತ್ತರಿ ಕೆಳಗಿಳಿಸುವಷ್ಟರಲ್ಲಿ ಹೆಂಗಸೊಬ್ಬಳು ಏದುಸಿರು ಬಿಡುತ್ತ ಒಳಗೆ ಬಂದಳು. ಕೊರಳಲ್ಲಿ ಅಳತೆ ಟೇಪು, ಟೈಲರಮ್ಮ.

“ಅದು ನಂದು! ಕೆಂಪು ದಾರ ಸುತ್ತಿರೋದು. ಅದಿಲ್ದೆ ಅಂಗಡಿ ಬಾಗಿಲೇ ತೆಗೆದಿಲ್ಲ ನಾನು.”

ಕೊಡೆ ಅಣ್ಣನ ಕೈ ಅಲ್ಲೇ ನಿಂತಿತು. “ಇಬ್ಬರಿಗೂ ಹೇಗೆ ಗೊತ್ತಾಯ್ತು?”

“ನಿಮ್ಮ ಪುಟದಲ್ಲೇ ಕೊಟ್ಟಿದೀರಲ್ಲ,” ಎಂದು ಅವಳು ಫೋನು ಮುಂದೆ ಹಿಡಿದಳು.

ಅವನು ಒಮ್ಮೆ ಫೋನು, ಒಮ್ಮೆ ಇಬ್ಬರ ಮುಖ ನೋಡಿದ. ಯಾರಿಗೆ ಕೊಡುವುದು? ಕೊಟ್ಟ ಕೈ ತಪ್ಪಾದರೆ?

ಟೈಲರಮ್ಮ ಮಾತ್ರ ಇನ್ನೊಂದಕ್ಕೇ ಸಿಟ್ಟಾಗಿದ್ದಳು. “ಅದಿರಲಿ, ಮೊಂಡು ಅಂತ ಬರೆದ ಮಹಾನುಭಾವ ಯಾರು?”

“ನಾನೇ ತಾಯಿ. ದಾರ ಕೂಡ ಕತ್ತರಿಸಲಿಲ್ಲ...”

“ಹೌದೌದು, ಮೊಂಡೇ,” ಎಂದು ಟೊಪ್ಪಿಯವನು ನಡುವೆ ಬಾಯಿ ಹಾಕಿದ. “ಸಾಣೆ ಹಿಡಿಸೋಕೆ ಅಂತಾನೇ ಒಯ್ತಿದ್ದೆ.”

“ಸಾಣೆಗಾ? ಕೊಡಿ ಇಲ್ಲಿ!” ಅವಳು ಎಡಗೈಯಲ್ಲಿ ಕತ್ತರಿ ಕಸಿದುಕೊಂಡು, ನನ್ನ ತೊಡೆಯ ಮೇಲಿದ್ದ ಒರೆಸುವ ಬಟ್ಟೆಯ ಅಂಚು ಹಿಡಿದಳು. ಸರ್ರನೆ ಎರಡಾಯಿತು. “ನಾನು ಎಡಗೈಯವಳು. ಹೇಳಿ ಮಾಡಿಸಿದ ಕತ್ತರಿ ಇದು. ನಿಮ್ಮ ಬಲಗೈಲಿ ಹಿಡಿದ್ರೆ ಬಾಳೆಹಣ್ಣೂ ತುಂಡಾಗಲ್ಲ.”

“ನಂದು ಬೇರೆ ಇರಬೇಕು,” ಎಂದು ಗೊಣಗುತ್ತ ಟೊಪ್ಪಿಯವನು ಜಾಗ ಖಾಲಿ ಮಾಡಿದ. “ನನ್ನ ಬಟ್ಟೆ ಗತಿ?” ಎಂದೆ. ಟೈಲರಮ್ಮ ಎರಡು ತುಂಡನ್ನೂ ಅಂಚು ಹೊಲಿದು ತರುವುದಾಗಿ ಒಯ್ದಳು. ತಂದೂ ಕೊಟ್ಟಳು.

ಸುದ್ದಿ ಕೇಳಿ ಮಗಳು ಓಡಿ ಬಂದಳು. “ಗುರುತು ಗುಟ್ಟಾಗಿರಬೇಕು ಅಂತ ನನಗೆ ಹೇಳಲೇ ಇಲ್ಲವಲ್ಲ, ಅಪ್ಪ!”

“ಚೀಟಿಗೆ ಹಿಂಬದಿ ಇಲ್ವೇನೇ? ಹಾಗೇ ಅಂದ್ಕೊಂಡೆ.”

ಅವಳು ನೇತಾಡುತ್ತಿದ್ದ ಒಂದು ಚೀಟಿಯನ್ನು ಹಿಡಿದು ತಿರುಗಿಸಿ ನೋಡಿದಳು. ಚಿಕ್ಕಂದಿನಿಂದ ಆ ಕೋಣೆಯಲ್ಲೇ ಆಡಿ ಬೆಳೆದವಳು. ತಿರುಗಿಸಿದ್ದು ಅದೇ ಮೊದಲು. ಆಮೇಲೆ ಕೂತು ಅಚ್ಚಿನಿಂದ ಒಂದೇ ಒಂದು ಸಾಲು ತೆಗೆದಳು. ಕೊಡೆಯ ಪುಟ, ಕನ್ನಡಕದ ಪುಟ, ಊರುಗೋಲಿನ ಪುಟ, ಎಲ್ಲದರಿಂದಲೂ ಗುರುತು ಮಾಯ! ದಾಖಲೆಯಲ್ಲಿ ಮಾತ್ರ ಹಾಗೇ ಇತ್ತು, ಅವನೊಬ್ಬನಿಗೆ ಕಾಣುವಂತೆ.

“ತಗೋ, ನಿನ್ನ ಹಿಂಬದಿ,” ಎಂದಳು. “ಈಗ ಕತ್ತರಿ ತಲುಪಿತು ಅಂತ ಒತ್ತು. ಅದರ ಪುಟ ಹೋಗತ್ತೆ.”

“ತಡಿ.” ಅವನು ಕನ್ನಡಕ ಸರಿಮಾಡಿಕೊಂಡು, ‘ಮೊಂಡು’ ಅಳಿಸಿ, ಕುಟ್ಟಿ ಕುಟ್ಟಿ ಬರೆದ: ‘ಎಡಗೈ ಕತ್ತರಿ. ಬಲು ಹರಿತ.’

“ಹೋಗೋ ಪುಟಕ್ಕೆ ಯಾಕಪ್ಪ? ಯಾರು ನೋಡ್ತಾರೆ?”

“ನೀನು ಕೇಳು, ಬರತ್ತೆ. ನಾವು ಮೂರು ಜನ ನೋಡೋಣ.”

ಅವಳು ಕೇಳಿದಳು. ಪುಟ ಬಂತು. ಅವನು ಅದನ್ನು ಗಟ್ಟಿಯಾಗಿ ಓದಿ, ತಲೆದೂಗಿ, ಆಮೇಲೆ ಒತ್ತಿದ.